ಹುಣಸೂರು ಉಪವಿಭಾಗದ ಕನ್ನಡ ಬೆರಳಚ್ಚು ಕೆಲಸದಲ್ಲಿ ವಿಂಡೋಸ್ ಅಪ್‌ಗ್ರೇಡ್ ಬಳಿಕದ ‘ಹ್ಯಾಂಗ್’: ಒಂದು ಟಿಪ್ಪಣಿ

1. ವ್ಯಾಪ್ತಿ

ಮೈಸೂರು ಜಿಲ್ಲೆಯ ಹುಣಸೂರು ಕಂದಾಯ ಉಪವಿಭಾಗ ಬಹುಕಾಲ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಘಟಕವಾಗಿತ್ತು. ಈಚೆಗೆ ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಈ ಟಿಪ್ಪಣಿ ಹಳೆಯ ನಾಲ್ಕು ತಾಲ್ಲೂಕುಗಳ ಎಲ್ಲೆಯನ್ನೇ ಇಟ್ಟುಕೊಂಡಿದೆ.

ಪರಿಶೀಲನೆಯ ವಸ್ತು ಸೀಮಿತವಾದದ್ದು. ತಾಲ್ಲೂಕು ಕಚೇರಿ ಮತ್ತು ಉಪನೋಂದಣಾಧಿಕಾರಿ ಕಚೇರಿಗಳ ಸುತ್ತಲಿನ ಟೈಪಿಂಗ್ ಅಂಗಡಿ, ಜೆರಾಕ್ಸ್ ಅಂಗಡಿ ಮತ್ತು ಪತ್ರ ಬರಹಗಾರರ ಮೇಜಿನ ಮೇಲಿರುವ ವಿಂಡೋಸ್ ಗಣಕಗಳು ಮಾತ್ರ ಇಲ್ಲಿ ಬರುತ್ತವೆ. ಅವುಗಳ ಮುಖ್ಯ ಕೆಲಸ ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಪೌತಿ ಖಾತೆ ಅರ್ಜಿ ಮತ್ತು ಪ್ರಮಾಣಪತ್ರಗಳ ಬೆರಳಚ್ಚು. ಇದು ಅಂಗಡಿಗಳ ಸಮೀಕ್ಷೆಯಲ್ಲ. ಆದ್ದರಿಂದ ಯಾವ ಕಾರಣಕ್ಕೆ ಎಷ್ಟು ಪಾಲು ಎಂಬ ಲೆಕ್ಕ ಕೊಟ್ಟಿಲ್ಲ. ವಿಂಡೋಸ್ ತಯಾರಕರು ಪ್ರಕಟಿಸಿರುವ ತಾಂತ್ರಿಕ ವಿವರಗಳನ್ನು ಈ ಬಗೆಯ ಕೆಲಸಕ್ಕೆ ಹೊಂದಿಸಿ ನೋಡಲಾಗಿದೆ. ಯಾರಾದರೂ ತಮ್ಮ ಗಣಕದಲ್ಲೇ ಮಾಡಿ ನೋಡಬಹುದಾದ ಪರೀಕ್ಷೆಗಳನ್ನು ಮಾತ್ರ ಸೂಚಿಸಲಾಗಿದೆ.

ವಾದ ಇಷ್ಟು. ಅಪ್‌ಗ್ರೇಡ್ ಆದ ಮೇಲೆ ಕಾಣುವ ನಿಧಾನಕ್ಕೆ ಸಾಮಾನ್ಯ ಕೈಪಿಡಿಗಳು ಕೊಡುವ ಸಲಹೆಗಳು (ರೀಸ್ಟಾರ್ಟ್, ತಾತ್ಕಾಲಿಕ ಕಡತಗಳ ಅಳಿಕೆ, ರ‍್ಯಾಮ್ ಹೆಚ್ಚಳ) ತಪ್ಪಲ್ಲ. ಆದರೆ ಕನ್ನಡ ಬೆರಳಚ್ಚಿನ ಗಣಕದಲ್ಲಿ ಅವು ಮುಟ್ಟದ ಮೂರು ಪದರಗಳಿವೆ: ಕೀಲಿಮಣೆ ತಂತ್ರಾಂಶ, ಆಸ್ಕಿ ಫಾಂಟಿನ ಹಳೆಯ ಕಡತ, ಮುದ್ರಕ. ಇವನ್ನು ಒಂದೊಂದಾಗಿ ಬೇರ್ಪಡಿಸಿ ನೋಡುವ ಮೊದಲು ದೋಷವನ್ನು ವಿಂಡೋಸ್ ಮೇಲೆ ಹೊರಿಸುವುದು ಅವಸರದ ತೀರ್ಮಾನವಾದೀತು.

2. ಕಾಲಾನುಕ್ರಮ

ಈ ಕೆಲಸಕ್ಕೆ ಸಂಬಂಧಪಟ್ಟ ದಿನಾಂಕಗಳು ಎರಡು ಸಾಲಿನಲ್ಲಿ ಸಾಗುತ್ತವೆ. ಅವು ಒಂದಕ್ಕೊಂದು ಹೊಂದುವುದಿಲ್ಲ ಎಂಬುದೇ ಗಮನಿಸಬೇಕಾದ ಅಂಶ.

ಮೊದಲ ಸಾಲು ಕನ್ನಡದ್ದು. ಯೂನಿಕೋಡ್ ಸಂಕೇತ ಪಟ್ಟಿಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ತೆರೆಯ ಮೇಲೆ ಸರಿಯಾಗಿ ಮೂಡಿದ್ದು 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ಎಕ್ಸ್‌ಪಿಯಿಂದ, ತುಂಗಾ ಫಾಂಟಿನೊಂದಿಗೆ. ಅಲ್ಲಿಯೂ ಸಂಕೀರ್ಣ ಲಿಪಿಗಳ ಬೆಂಬಲವನ್ನು ಬಳಕೆದಾರರೇ ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಿತ್ತು. ಅದು ತಾನಾಗಿ ಬಂದದ್ದು ಗ್ರಾಹಕರಿಗೆ 2007ರ ಜನವರಿಯಲ್ಲಿ ದೊರೆತ ವಿಸ್ತಾದಲ್ಲಿ. ಅಷ್ಟರಲ್ಲಿ 1998ರಲ್ಲಿ ಹೊರಬಂದಿದ್ದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಎರಡೂ 8 ಬಿಟ್‌ನ (ರೂಢಿಯ ಮಾತಿನಲ್ಲಿ ‘ಆಸ್ಕಿ’) ಫಾಂಟುಗಳ ಮೇಲೆ ನೆಲೆಯೂರಿದ್ದವು. ಕಚೇರಿ ಮತ್ತು ಪತ್ರ ಬರಹದ ಕೆಲಸದಲ್ಲಿ ‘ನುಡಿ 01 ಇ’ ಫಾಂಟು ಮತ್ತು ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ರೂಢಿಯಾದವು. ನುಡಿಯ ನಂತರದ ಆವೃತ್ತಿಗಳು ಯೂನಿಕೋಡಿಗೂ ಅವಕಾಶ ಕೊಟ್ಟರೂ ಹಳೆಯ ನಮೂನೆ ಕಡತಗಳು ಹಳೆಯ ಸಂಕೇತದಲ್ಲೇ ಉಳಿದವು.

ಎರಡನೆಯ ಸಾಲು ವಿಂಡೋಸ್‌ನದ್ದು. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ರದ್ದು 2020ರ ಜನವರಿ 14ಕ್ಕೆ, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯ ವಿಂಡೋಸ್ 10ಕ್ಕೆ ವಿಸ್ತರಿತ ಭದ್ರತಾ ಪರಿಷ್ಕರಣೆ 2026ರ ಅಕ್ಟೋಬರ್ 13ರವರೆಗೆ ಇದೆ. ಬಹುಶಃ ಈ ದಿನಾಂಕಗಳಿಗಿಂತ ಹೆಚ್ಚು ಒತ್ತಡ ತಂದದ್ದು ಬ್ರೌಸರ್. 2023ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 110 ವಿಂಡೋಸ್ 7 ಮತ್ತು 8.1ರಲ್ಲಿ ನಡೆಯುವುದಿಲ್ಲ. ಸರ್ಕಾರಿ ಸೇವೆಗಳೆಲ್ಲ ಬ್ರೌಸರ್ ಮೂಲಕ ಸಾಗುವ ಕಾಲದಲ್ಲಿ ಹಳೆಯ ಗಣಕವೂ ಅಪ್‌ಗ್ರೇಡ್ ಆಗಲೇಬೇಕಾಯಿತು.

ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿ ಒಂದು ವ್ಯತ್ಯಾಸವಿದೆ. ವಿಂಡೋಸ್ 10 ಬಂದಾಗ (2015ರ ಜುಲೈ 29) 32 ಬಿಟ್‌ಗೆ 16 ಜಿಬಿ, 64 ಬಿಟ್‌ಗೆ 20 ಜಿಬಿ ಡಿಸ್ಕ್ ಜಾಗ ಎಂದಿತ್ತು. 1903ನೇ ಆವೃತ್ತಿಯಿಂದ ಎರಡಕ್ಕೂ 32 ಜಿಬಿ ಆಯಿತು. ಹಳೆಯ ಅಂಕಿಯನ್ನೇ ಇನ್ನೂ ಹೇಳುವ ಪಟ್ಟಿಗಳಿವೆ. ವಿಂಡೋಸ್ 11ಕ್ಕೆ (2021ರ ಅಕ್ಟೋಬರ್ 5) 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಮತ್ತು ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ 8ನೇ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಈ ತಪಾಸಣೆಯನ್ನು ದಾಟಿಸಿ ಹಾಕಿದ ವಿಂಡೋಸ್ 11 ಕೂಡ ಬಳಕೆಯಲ್ಲಿದೆ. ಅಂತಹ ಗಣಕದಲ್ಲಿ ಕಂಡ ನಿಧಾನವನ್ನು ಅರ್ಹ ಗಣಕದ ನಿಧಾನದೊಂದಿಗೆ ಸೇರಿಸಿ ಎಣಿಸುವುದು ಸರಿಯಲ್ಲ.

3. ಮೂರು ಸ್ಥಿತಿಗಳು

‘ಹ್ಯಾಂಗ್ ಆಯ್ತು’ ಎಂದು ಅಂಗಡಿಯಲ್ಲಿ ಹೇಳುವುದು ಕನಿಷ್ಠ ಮೂರು ಬೇರೆ ಸ್ಥಿತಿಗಳಿಗೆ ಅನ್ವಯಿಸುತ್ತದೆ. ಕಿಟಕಿ ಮಂಕಾಗಿ ಶೀರ್ಷಿಕೆಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುವುದು ಮೊದಲನೆಯದು. ಒಂದು ಕಿಟಕಿ ತನಗೆ ಬಂದ ಸಂದೇಶಗಳನ್ನು 5 ಸೆಕೆಂಡು ಕಾಲ ತೆಗೆದುಕೊಳ್ಳದಿದ್ದರೆ ವಿಂಡೋಸ್ ಹಾಗೆ ಗುರುತಿಸುತ್ತದೆ. ಎರಡನೆಯದರಲ್ಲಿ ಅನ್ವಯ ಸ್ಪಂದಿಸುತ್ತದೆ, ಆದರೆ ಕೀಲಿ ಒತ್ತಿದ ಎಷ್ಟೋ ಹೊತ್ತಿಗೆ ಅಕ್ಷರ ಮೂಡುತ್ತದೆ. ಮೂರನೆಯದರಲ್ಲಿ ಅನ್ವಯ ಸರಿಯಾಗಿಯೇ ಇದ್ದು ಕನ್ನಡ ಮಾತ್ರ ಬರುವುದಿಲ್ಲ.

ಮೊದಲನೆಯದಕ್ಕೆ ದಾಖಲೆ ಸಿಗುತ್ತದೆ. ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ವಿಭಾಗದಲ್ಲಿ 1002ನೇ ಸಂಖ್ಯೆ ಹ್ಯಾಂಗ್‌ಗೆ, 1000ನೇ ಸಂಖ್ಯೆ ಅನ್ವಯ ಕುಸಿದುಬಿದ್ದದ್ದಕ್ಕೆ. ಎರಡರಲ್ಲೂ ದಿನ, ಗಂಟೆ ಮತ್ತು ಅನ್ವಯದ ಹೆಸರು ಇರುತ್ತದೆ. ಅಪ್‌ಗ್ರೇಡ್ ಆದ ದಿನಾಂಕವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ‘ಅಪ್‌ಗ್ರೇಡ್ ಆದಾಗಿನಿಂದ’ ಎಂಬ ಹೇಳಿಕೆಯನ್ನು ಪರಿಶೀಲಿಸಬಹುದು. ಅದೇ ಅನ್ವಯಕ್ಕೆ ಹಿಂದೆಯೂ 1002 ಬಂದಿದ್ದರೆ ಆ ಹೇಳಿಕೆ ನಿಲ್ಲುವುದಿಲ್ಲ. ಒಂದು ಮಿತಿಯನ್ನು ನೆನಪಿಡಬೇಕು. ಆವೃತ್ತಿ ಬದಲಾಗುವ ದೊಡ್ಡ ಅಪ್‌ಗ್ರೇಡ್‌ನಲ್ಲಿ ಹಳೆಯ ದಾಖಲೆ ಮುಂದುವರಿಯದೆ ಇರಬಹುದು. ಆದ್ದರಿಂದ ಅದನ್ನು ಮೊದಲೇ ಉಳಿಸಿಕೊಂಡಿದ್ದರೆ ಮಾತ್ರ ಈ ಹೋಲಿಕೆ ಖಚಿತವಾಗುತ್ತದೆ.

ತೆರೆಯದೇ ಇರುವ ಅನ್ವಯ ಇವುಗಳಲ್ಲಿ ಯಾವುದಕ್ಕೂ ಸೇರದು. 16 ಬಿಟ್‌ನ ಡಾಸ್ ಕಾಲದ ಲೆಕ್ಕದ ತಂತ್ರಾಂಶ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ, ಮತ್ತು ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ.

4. ಮೊದಲ ದಿನಗಳು ಮತ್ತು ಡಿಸ್ಕ್

ಅಪ್‌ಗ್ರೇಡ್ ಮುಗಿದ ಕೂಡಲೇ ವಿಂಡೋಸ್ ಹಿನ್ನೆಲೆಯಲ್ಲಿ ಹಲವು ಕೆಲಸಗಳನ್ನು ಹೂಡುತ್ತದೆ: ಹುಡುಕಾಟದ ಸೂಚಿ, ಡಿಫೆಂಡರ್ ತಪಾಸಣೆ, ಡಾಟ್‌ನೆಟ್ ಭಾಗಗಳ ಮರುಸಂಕಲನ, ಉಳಿದ ಪರಿಷ್ಕರಣೆಗಳ ಇಳಿಕೆ. ಎಸ್‌ಎಸ್‌ಡಿ ಇರುವ ಗಣಕದಲ್ಲಿ ಇದು ಅಷ್ಟಾಗಿ ಕಾಣಿಸದು. ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಕಾಣುತ್ತದೆ. ಕಾರಣ ಯಾಂತ್ರಿಕವಾದದ್ದು. ನಿಮಿಷಕ್ಕೆ 5400 ಸುತ್ತಿನ ಡಿಸ್ಕ್ ಒಂದು ಸುತ್ತಿಗೆ 11.1 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅದರ ಅರ್ಧ, ಅಂದರೆ 5.56 ಮಿಲಿಸೆಕೆಂಡು ಕಾಯಬೇಕು. 7200 ಸುತ್ತಿನದರಲ್ಲಿ ಇದು 4.17. ತಲೆ ಸರಿಯುವ ಹೊತ್ತನ್ನೂ ಕೂಡಿಸಿದರೆ ಚದುರಿದ ಓದು ಸೆಕೆಂಡಿಗೆ ಸುಮಾರು ನೂರರ ಆಸುಪಾಸಿಗೆ ಅಥವಾ ಅದಕ್ಕಿಂತ ಕೆಳಗೆ ನಿಲ್ಲುತ್ತದೆ. ನಾಲ್ಕು ಹಿನ್ನೆಲೆ ಕೆಲಸಗಳು ಏಕಕಾಲಕ್ಕೆ ಡಿಸ್ಕ್ ಕೇಳಿದಾಗ ವರ್ಡ್ ಕೂಡ ಆ ಸಾಲಿನ ಹಿಂದೆ ನಿಲ್ಲಬೇಕಾಗುತ್ತದೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾಣುವ ‘ಡಿಸ್ಕ್ 100%’ ಡಿಸ್ಕ್ ತುಂಬಿದೆ ಎಂಬುದರ ಅಳತೆಯಲ್ಲ, ಡಿಸ್ಕ್ ಬಿಡುವಿಲ್ಲದೆ ಇದ್ದ ಕಾಲದ ಅಳತೆ. ಜಾಗ ಖಾಲಿ ಮಾಡಿದರೆ ಈ ಅಂಕಿ ಇಳಿಯಬೇಕೆಂದಿಲ್ಲ. ಗಣಕವನ್ನು ಒಂದು ರಾತ್ರಿ ವಿದ್ಯುತ್ ಮತ್ತು ಇಂಟರ್ನೆಟ್ ಸಹಿತ ಸುಮ್ಮನೆ ಬಿಟ್ಟು ಮರುದಿನ ನೋಡುವುದು ಅತ್ಯಂತ ಸರಳ ಪರೀಕ್ಷೆ. ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸುವ ರೂಢಿ ಇರುವಲ್ಲಿ ಈ ಕೆಲಸಗಳು ಪ್ರತಿದಿನ ಬೆಳಗ್ಗೆ, ಗಿರಾಕಿ ಬಂದ ಹೊತ್ತಿಗೇ ಮತ್ತೆ ಶುರುವಾಗುವ ಸಾಧ್ಯತೆ ಹೆಚ್ಚು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನಡೆಯುವ ಗಣಕದಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದರೆ ದೊಡ್ಡ ಇಳಿಕೆಗಳು ಬಹುಪಾಲು ತಡೆಯುತ್ತವೆ.

ಕೆಲವು ದಿನಗಳ ನಂತರವೂ ಅಂಕಿ ಇಳಿಯದಿದ್ದರೆ ಈವೆಂಟ್ ವ್ಯೂವರ್‌ನ ಸಿಸ್ಟಂ ವಿಭಾಗದಲ್ಲಿ 7, 129, 153 ಎಂಬ ಸಂಖ್ಯೆಗಳನ್ನು ಹುಡುಕಬೇಕು. 7 ಕೆಟ್ಟ ಜಾಗವನ್ನೂ, 153 ಮತ್ತೆ ಮಾಡಬೇಕಾಗಿ ಬಂದ ಓದು-ಬರಹವನ್ನೂ, 129 ಡಿಸ್ಕ್ ನಿಯಂತ್ರಕವನ್ನು ಮರುಹೊಂದಿಸಿದ್ದನ್ನೂ ಸೂಚಿಸುತ್ತದೆ. ಇವು ಇದ್ದಲ್ಲಿ ಅಪ್‌ಗ್ರೇಡ್ ಕೇವಲ ಸಂದರ್ಭವಾಗಿದ್ದು ಡಿಸ್ಕೇ ಕಾರಣವಾಗಿರುವ ಸಂಭವ ಹೆಚ್ಚು. ಅಂತಹ ಗಣಕದಲ್ಲಿ ಬೇರೆ ಯಾವ ಪರೀಕ್ಷೆಗೂ ಮುನ್ನ ಕಡತಗಳ ಪ್ರತಿ ತೆಗೆಯುವುದು ಕಡ್ಡಾಯ.

5. ಕೀಲಿಮಣೆ ತಂತ್ರಾಂಶ

ಹೊರಗಿನಿಂದ ಅಳವಡಿಸಿದ ಕೀಲಿಮಣೆ ತಂತ್ರಾಂಶಗಳು ಕೀಲಿ ಒತ್ತಿದ ಸಂಕೇತವನ್ನು ಅನ್ವಯ ತಲುಪುವ ಮೊದಲೇ ಹಿಡಿದು, ಕನ್ನಡಕ್ಕೆ ತಿರುಗಿಸಿ, ಮುಂದಕ್ಕೆ ಕೊಡುತ್ತವೆ. ಇದಕ್ಕೆ ವಿಂಡೋಸ್ ಒದಗಿಸುವ ಒಂದು ಮಾರ್ಗ ‘ಹುಕ್’. ಕೆಳಹಂತದ ಕೀಲಿಮಣೆ ಹುಕ್ ಬಳಸುವ ತಂತ್ರಾಂಶವಾದರೆ ಪ್ರತಿ ಕೀಲಿಯೂ ಆ ತಂತ್ರಾಂಶದ ಉತ್ತರಕ್ಕೆ ಕಾಯುತ್ತದೆ. ಆ ತಂತ್ರಾಂಶ ನಿಧಾನವಾದರೆ ವರ್ಡ್, ಬ್ರೌಸರ್, ನೋಟ್‌ಪ್ಯಾಡ್ ಎಲ್ಲದರಲ್ಲೂ ಅಕ್ಷರ ತಡವಾಗಿ ಬರುತ್ತದೆ.

ಕಾಯುವ ಅವಧಿಗೆ ಮಿತಿಯಿದೆ. ವಿಂಡೋಸ್ ದಾಖಲೆಯ ಪ್ರಕಾರ ಅದನ್ನು ರಿಜಿಸ್ಟ್ರಿಯ ‘ಲೋಲೆವೆಲ್‌ಹುಕ್ಸ್‌ಟೈಮ್‌ಔಟ್’ ಎಂಬ ನಮೂದು ಮಿಲಿಸೆಕೆಂಡುಗಳಲ್ಲಿ ನಿರ್ಧರಿಸುತ್ತದೆ. ವಿಂಡೋಸ್ 10ರ 1709ನೇ ಆವೃತ್ತಿಯಿಂದ ಗರಿಷ್ಠ 1000. ತಾನಾಗಿ ಇರುವ ಬೆಲೆ 300 ಎಂದು ತಂತ್ರಜ್ಞರ ಬರಹಗಳಲ್ಲಿ ಆಗಾಗ ಕಾಣುತ್ತದೆ. ಆದರೆ ಅಧಿಕೃತ ವಿವರಣೆ ಒತ್ತಿಹೇಳುವುದು 1000ದ ಮೇಲ್ಮಿತಿಯನ್ನು. ಮಿತಿ ಮೀರಿದಾಗ ಆಗುವುದರಲ್ಲಿ ಮುಖ್ಯ ಬದಲಾವಣೆ ಬಂದದ್ದು ವಿಂಡೋಸ್ 7ರಿಂದ. ಅಲ್ಲಿಂದೀಚೆಗೆ ವಿಂಡೋಸ್ ಆ ಹುಕ್ಕನ್ನು ಸದ್ದಿಲ್ಲದೆ ತೆಗೆದುಹಾಕಬಹುದು, ಮತ್ತು ಹಾಗೆ ತೆಗೆದದ್ದು ಕೀಲಿಮಣೆ ತಂತ್ರಾಂಶಕ್ಕೆ ತಿಳಿಯುವ ದಾರಿಯಿಲ್ಲ.

ಇದರ ಪರಿಣಾಮ ನೇರವಾಗಿ ಮೂರನೆಯ ಸ್ಥಿತಿಗೆ ಹೊಂದುತ್ತದೆ. ಕೆಳಪಟ್ಟಿಯಲ್ಲಿ ತಂತ್ರಾಂಶದ ಚಿಹ್ನೆ ‘ಕನ್ನಡ’ ಎಂದೇ ತೋರಿಸುತ್ತಿರುತ್ತದೆ, ತೆರೆಯ ಮೇಲೆ ಮಾತ್ರ ಇಂಗ್ಲಿಷ್ ಅಕ್ಷರಗಳು ಬೀಳುತ್ತವೆ. ಫಾಂಟು ‘ನುಡಿ 01 ಇ’ ಆಗಿದ್ದರೆ ಇಂಗ್ಲಿಷೂ ಕಾಣದೆ ಅರ್ಥವಿಲ್ಲದ ಕನ್ನಡ ತುಣುಕುಗಳು ಕಾಣುತ್ತವೆ. ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆದ ಕೂಡಲೇ ಎಲ್ಲ ಸರಿಹೋಗುತ್ತದೆ. 4ನೇ ಭಾಗದಲ್ಲಿ ಹೇಳಿದ ಡಿಸ್ಕಿನ ಒತ್ತಡ ಇರುವಾಗ ಒಂದು ಸೆಕೆಂಡಿನ ತಡೆ ಅಪರೂಪವಲ್ಲ. ಹೀಗಾಗಿ ಡಿಸ್ಕಿನ ಸಮಸ್ಯೆ ಕೀಲಿಮಣೆ ಸಮಸ್ಯೆಯ ವೇಷದಲ್ಲಿ ಕಾಣಿಸಿಕೊಳ್ಳಬಹುದು. ಕನ್ನಡದ ಕೆಲಸ ಮಾಡದ ಕಚೇರಿಗಳಿಗಾಗಿ ಬರೆದ ಮಾರ್ಗದರ್ಶಿಗಳಲ್ಲಿ ಈ ಕೊಂಡಿ ಸಿಗುವುದಿಲ್ಲ.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವೂ ಇದೆ. ವಿಸ್ತಾದಿಂದ ಬಂದ ಭದ್ರತಾ ನಿಯಮದಂತೆ ಸಾಮಾನ್ಯ ಹಂತದಲ್ಲಿ ನಡೆಯುವ ತಂತ್ರಾಂಶ ‘ಅಡ್ಮಿನಿಸ್ಟ್ರೇಟರ್’ ಹಂತದಲ್ಲಿ ತೆರೆದ ಅನ್ವಯದ ಕೀಲಿಗಳನ್ನು ಹಿಡಿಯಲಾರದು. ಎಕ್ಸ್‌ಪಿ ಕಾಲದ ಅನ್ವಯವೊಂದನ್ನು ಹೊಸ ವಿಂಡೋಸ್‌ನಲ್ಲಿ ನಡೆಸಲು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ಹೊಂದಿಸಿದರೆ ಅದರಲ್ಲಿ ಕನ್ನಡ ನಿಲ್ಲುತ್ತದೆ. ಎರಡನ್ನೂ ಬೇರ್ಪಡಿಸುವುದು ಸುಲಭ. ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬಂದು ಆ ಒಂದು ಅನ್ವಯದಲ್ಲಿ ಮಾತ್ರ ಬಾರದಿದ್ದರೆ ಹಂತದ ವ್ಯತ್ಯಾಸ. ಎಲ್ಲ ಕಡೆ ಒಟ್ಟಿಗೆ ನಿಂತರೆ ಹುಕ್.

ತಡದ ಪರೀಕ್ಷೆಗೆ ಕೀಲಿಮಣೆ ತಂತ್ರಾಂಶವನ್ನು ಪೂರ್ತಿ ಮುಚ್ಚಿ ಅದೇ ಕಡತದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಹೊಡೆದು ನೋಡಬೇಕು. ಬಳಿಕ ವಿಂಡೋಸ್‌ನ ಸ್ವಂತ ಕನ್ನಡ ಕೀಲಿಮಣೆಯಲ್ಲಿ, ಯೂನಿಕೋಡ್ ಫಾಂಟಿನಲ್ಲಿ, ಇನ್ನೊಂದು ಸಾಲು. ಎರಡೂ ಚುರುಕಾಗಿದ್ದರೆ ತಡ ಹೊರಗಿನ ತಂತ್ರಾಂಶದ್ದು. ಒಂದೇ ಗಣಕದಲ್ಲಿ ಎರಡು ಕನ್ನಡ ತಂತ್ರಾಂಶಗಳು ವಿಂಡೋಸ್ ಜೊತೆಗೇ ಆರಂಭವಾಗುವಂತಿದ್ದರೆ ಒಂದನ್ನು ನಿಲ್ಲಿಸದೆ ಈ ಪರೀಕ್ಷೆಗೆ ಅರ್ಥವಿಲ್ಲ.

6. ಆಸ್ಕಿ ಕಡತ ಮತ್ತು ವರ್ಡ್

‘ನುಡಿ 01 ಇ’ಯಲ್ಲಿರುವ ವಿಭಾಗಪತ್ರ ಓದುಗರಿಗೆ ಕನ್ನಡ. ವರ್ಡ್‌ಗೆ ಅದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಆದ್ದರಿಂದ ಅದು ಪ್ರತಿ ‘ಪದ’ವನ್ನೂ ಇಂಗ್ಲಿಷ್ ನಿಘಂಟಿನಲ್ಲಿ ಹುಡುಕಿ, ಸಿಗದೆ, ತಪ್ಪೆಂದು ಗುರುತಿಸುತ್ತದೆ. ದೀರ್ಘ ಕಡತದಲ್ಲಿ ‘ತಪ್ಪುಗಳು ತುಂಬಾ ಹೆಚ್ಚಾಗಿವೆ, ಇನ್ನು ತೋರಿಸಲಾಗದು’ ಎಂಬರ್ಥದ ಸೂಚನೆ ಬರುವುದು ಇದರಿಂದಲೇ. ಅಲ್ಲಿಯವರೆಗೆ ಹಿನ್ನೆಲೆಯ ಕಾಗುಣಿತ ತಪಾಸಣೆ ನಡೆದೇ ಇರುತ್ತದೆ. ಕಡಿಮೆ ರ‍್ಯಾಮ್‌ನ ಗಣಕದಲ್ಲಿ ಪುಟ ಸರಿಸುವಾಗಿನ ತಡೆತಡೆಗೆ ಇದೂ ಒಂದು ಕಾರಣವಾಗಿರುವ ಸಾಧ್ಯತೆಯಿದೆ.

ಅಪ್‌ಗ್ರೇಡ್ ಜೊತೆಗಿನ ನಂಟು ಪರೋಕ್ಷವಾದದ್ದು. ಹೊಸ ವಿಂಡೋಸ್ ಹಾಕಿಸುವಾಗ ಕೆಲವೊಮ್ಮೆ ಆಫೀಸ್ ಕೂಡ ಮರುಅಳವಡಿಕೆಯಾಗುತ್ತದೆ. ಆಗ, ವರ್ಷಗಳ ಹಿಂದೆ ಯಾರೋ ಆರಿಸಿಟ್ಟಿದ್ದ ಕಾಗುಣಿತ ತಪಾಸಣೆ ಮತ್ತು ಆಟೊಕರೆಕ್ಟ್ ಮತ್ತೆ ಚಾಲೂ ಆಗುತ್ತವೆ. ತಪಾಸಣೆ ಕೇವಲ ಕೆಂಪು ಗೆರೆ ಎಳೆಯುತ್ತದೆ. ಆಟೊಕರೆಕ್ಟ್ ಪಠ್ಯವನ್ನೇ ಬದಲಿಸುತ್ತದೆ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡಕ್ಷರಕ್ಕೆ ತಿರುಗಿಸಿದರೆ ಆಸ್ಕಿ ಕನ್ನಡದಲ್ಲಿ ಅದು ಬೇರೆಯೇ ಅಕ್ಷರವಾಗುತ್ತದೆ. ನೋಂದಣಿಗೆ ಹೋಗುವ ಪತ್ರದಲ್ಲಿ ಇದನ್ನು ನಿಧಾನಕ್ಕಿಂತ ಗಂಭೀರವಾದ ದೋಷವೆಂದು ಪರಿಗಣಿಸುವುದು ಸೂಕ್ತ. ಇಡೀ ಕಡತವನ್ನು ಆಯ್ದು ಭಾಷೆಯ ಹೊಂದಿಕೆಯಲ್ಲಿ ‘ಕಾಗುಣಿತ, ವ್ಯಾಕರಣ ನೋಡಬೇಡ’ ಎಂಬುದನ್ನು ಗುರುತಿಸಿ ಉಳಿಸಿದರೆ ತಪಾಸಣೆ ಆ ಕಡತದಲ್ಲಿ ನಿಲ್ಲುತ್ತದೆ. ಆಟೊಕರೆಕ್ಟನ್ನು ಬೇರೆಯಾಗಿ ಆರಿಸಬೇಕು.

ಇದೇ ವರ್ಗದ ಇನ್ನೊಂದು ಬಲೆಯನ್ನು ಇಲ್ಲಿಯೇ ದಾಖಲಿಸಬೇಕು. 2018ರ ವಿಂಡೋಸ್ 10 (ಆವೃತ್ತಿ 1803) ಬಂದಂದಿನಿಂದ ಪ್ರಾದೇಶಿಕ ಹೊಂದಿಕೆಗಳಲ್ಲಿ ‘ಜಾಗತಿಕ ಭಾಷೆಗಳಿಗೆ ಯುಟಿಎಫ್-8 ಬಳಸಿ’ ಎಂಬ ಬೀಟಾ ಆಯ್ಕೆಯಿದೆ. ಕನ್ನಡಕ್ಕೆ ಅನುಕೂಲವೆಂದು ಭಾವಿಸಿ ಅದನ್ನು ಗುರುತಿಸುವುದು ಸಹಜ. ಆದರೆ ಅದು ಯೂನಿಕೋಡ್ ಅಲ್ಲದ ಅನ್ವಯಗಳ ಸಂಕೇತಪುಟವನ್ನೇ 65001ಕ್ಕೆ ಬದಲಿಸುತ್ತದೆ. 8 ಬಿಟ್ ಸಂಕೇತದ ಮೇಲಿನ ಅರ್ಧವನ್ನು ನೆಚ್ಚಿಕೊಂಡ ಹಳೆಯ ಕನ್ನಡ ಅನ್ವಯಗಳಲ್ಲಿ ಪಠ್ಯ ಕೆಡುತ್ತದೆ. ಆಸ್ಕಿ ಕಡತಗಳು ಬಳಕೆಯಲ್ಲಿರುವಷ್ಟು ಕಾಲ ಈ ಆಯ್ಕೆಯನ್ನು ಖಾಲಿ ಬಿಡುವುದೇ ಲೇಸು.

7. ಮುದ್ರಕ

ವರ್ಡ್ ಪುಟದ ವಿನ್ಯಾಸ ಲೆಕ್ಕ ಹಾಕಲು ಡೀಫಾಲ್ಟ್ ಮುದ್ರಕದ ಚಾಲಕವನ್ನು ಕೇಳುತ್ತದೆ. ಆ ಮುದ್ರಕ ಪಕ್ಕದ ಗಣಕದ ಮೂಲಕ ಹಂಚಿಕೊಂಡದ್ದಾಗಿದ್ದು ಆ ಗಣಕ ಆರಿದ್ದರೆ ಕಡತ ತೆರೆಯುವಾಗಲೇ ವರ್ಡ್ ನಿಲ್ಲಬಹುದು. 2015ರ ನವೆಂಬರ್‌ನ 1511ನೇ ಆವೃತ್ತಿಯಿಂದ ವಿಂಡೋಸ್ 10 ಕೊನೆಗೆ ಬಳಸಿದ ಮುದ್ರಕವನ್ನೇ ಡೀಫಾಲ್ಟ್ ಮಾಡುವ ಆಯ್ಕೆಯನ್ನು ತಂದಿತು. ಛಾಪಾ ಕಾಗದಕ್ಕೆ ಒಂದು, ಸಾಮಾನ್ಯ ಹಾಳೆಗೆ ಇನ್ನೊಂದು ಮುದ್ರಕ ಇಟ್ಟುಕೊಂಡ ಅಂಗಡಿಯಲ್ಲಿ ಇದರಿಂದ ಡೀಫಾಲ್ಟ್ ದಿನಕ್ಕೆ ಹಲವು ಬಾರಿ ಬದಲಾಗುತ್ತದೆ, ಪುಟದ ಅಂಚುಗಳೂ ಕದಲುತ್ತವೆ.

ಪರೀಕ್ಷೆ: ಆ ಆಯ್ಕೆಯನ್ನು ತೆಗೆದು ಪಿಡಿಎಫ್ ಮುದ್ರಕವನ್ನು ತಾತ್ಕಾಲಿಕವಾಗಿ ಡೀಫಾಲ್ಟ್ ಮಾಡಿ ಅದೇ ಕಡತವನ್ನು ತೆರೆಯುವುದು. ಬೇಗ ತೆರೆದರೆ ಕಾರಣ ಮುದ್ರಕದ ಕಡೆಗಿದೆ. ಇನ್ನೂ ನಿಖರವಾಗಿ ಬೇಕಿದ್ದರೆ ರಿಸೋರ್ಸ್ ಮಾನಿಟರ್‌ನಲ್ಲಿ ನಿಂತ ಅನ್ವಯದ ‘ವೇಟ್ ಚೈನ್’ ತೆರೆಯಬಹುದು. ಯಾವ ಎಳೆ ಯಾವುದಕ್ಕಾಗಿ ಕಾಯುತ್ತಿದೆ ಎಂಬುದು ಅಲ್ಲಿ ಕಾಣುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಅನ್ವಯದ ಮುದ್ರಣ ‘ಎಸ್‌ಪಿಎಲ್‌ವಾವ್64’ ಎಂಬ ಮಧ್ಯವರ್ತಿಯ ಮೂಲಕ ಹೋಗುತ್ತದೆ. ಸರಪಳಿಯ ಕೊನೆಯಲ್ಲಿ ಆ ಹೆಸರಿದ್ದರೆ ಚಾಲಕವನ್ನು ತೆಗೆದು ತಯಾರಕರ ಹೊಸ ಚಾಲಕ ಹಾಕಬೇಕು. ‘ಎಂಡ್ ಟಾಸ್ಕ್’ ಒತ್ತುವ ಮುನ್ನ ಇದನ್ನು ನೋಡುವುದು ಮುಖ್ಯ. ಒತ್ತಿದ ಮೇಲೆ ಸಾಕ್ಷ್ಯ ಉಳಿಯುವುದಿಲ್ಲ.

8. ಗಣಕದ್ದಲ್ಲದ ನಿಧಾನ

ಪಹಣಿ ಮತ್ತು ನೋಂದಣಿಯ ಜಾಲತಾಣಗಳು ತಡವಾದರೆ ಅದಕ್ಕೂ ಅಪ್‌ಗ್ರೇಡ್‌ಗೂ ನಂಟು ಕಲ್ಪಿಸುವುದು ಸುಲಭ. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ರಾಜ್ಯದಾದ್ಯಂತ ತೀರಾ ನಿಧಾನವಾದಾಗ ಅದಕ್ಕೆ ಕಾರಣ ಹೊರಗಿನಿಂದ ನಡೆದ ಡಿಡಿಒಎಸ್ ದಾಳಿ ಎಂದು ಅಧಿಕೃತವಾಗಿ ತಿಳಿಸಲಾಯಿತು, ಪೊಲೀಸ್ ದೂರೂ ದಾಖಲಾಯಿತು. ಅದೇ ವಾರಗಳಲ್ಲಿ ವಿಂಡೋಸ್ 11ಕ್ಕೆ ಹೋದ ಅಂಗಡಿಯಲ್ಲಿ ಎರಡನ್ನೂ ಜೋಡಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ. ಅದೇ ಕ್ಷಣದಲ್ಲಿ ಅದೇ ತಾಣವನ್ನು ಮೊಬೈಲ್ ಡೇಟಾದಲ್ಲಿ ತೆರೆದರೆ ಈ ಸಂದೇಹ ಬಹುಮಟ್ಟಿಗೆ ಪರಿಹಾರವಾಗುತ್ತದೆ.

9. ಹಿಂದಿರುಗುವ ಅವಧಿ ಮತ್ತು ಪರಿವರ್ತನೆ

ಅಪ್‌ಗ್ರೇಡ್ ಆದ ಬಳಿಕ ಹಳೆಯ ವಿಂಡೋಸ್‌ಗೆ ಮರಳುವ ಅವಕಾಶ 30 ದಿನ ಎಂದು ಕೆಲವೆಡೆ ಇದೆ. ಅದು 2015ರ ಸ್ಥಿತಿ. 2016ರ 1607ನೇ ಆವೃತ್ತಿಯಿಂದ ಅದು 10 ದಿನ. ‘ವಿಂಡೋಸ್.ಓಲ್ಡ್’ ಕಡತಕೋಶವನ್ನು ಜಾಗಕ್ಕಾಗಿ ಅಳಿಸಿದರೆ ಆ 10 ದಿನವೂ ಇಲ್ಲ. 4ರಿಂದ 7ರವರೆಗಿನ ಪರೀಕ್ಷೆಗಳನ್ನು ಈ ಅವಧಿಯೊಳಗೇ ಮುಗಿಸುವುದು ಒಳಿತು. ಆದರೆ ಹಿನ್ನೆಲೆ ಕೆಲಸಗಳು ಇಳಿಯಲು ಕೊಡಬೇಕಾದ ಕಾಲವೂ ಇದರಲ್ಲೇ ಸೇರುತ್ತದೆ. ಹಾಗಾಗಿ ಮೊದಲ ಮೂರು ದಿನ ಏನನ್ನೂ ತೀರ್ಮಾನಿಸದೆ ಆಮೇಲೆ ಆರಂಭಿಸುವ ಕ್ರಮ ಹೆಚ್ಚು ನಂಬಲರ್ಹ.

ನಮೂನೆ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ವಿಂಡೋಸ್‌ನ ಸ್ವಂತ ಕನ್ನಡ ಕೀಲಿಮಣೆಯನ್ನೇ ಬಳಸಿದರೆ 5 ಮತ್ತು 6ನೇ ಭಾಗಗಳ ತೊಂದರೆಗಳು ಬಹುಪಾಲು ಇಲ್ಲವಾಗುತ್ತವೆ. ಪರಿವರ್ತನೆ ಮಾತ್ರ ಪರಿಶೀಲನೆಯಿಲ್ಲದೆ ನಂಬುವಂಥದ್ದಲ್ಲ. ಆಸ್ಕಿಯಲ್ಲಿ ಅರ್ಕಾವೊತ್ತು ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ರಕಾರ ಉಚ್ಚಾರಣೆಯ ಕ್ರಮದಲ್ಲಿ ಮೊದಲು ಬರುತ್ತದೆ. ‘ಪೂರ್ವ’, ‘ವರ್ಗಾವಣೆ’, ‘ಸರ್ವೆ’ ಎಂಬ ಪದಗಳು ಕ್ರಯಪತ್ರದ ಚೆಕ್ಕುಬಂದಿ ಮತ್ತು ಸ್ವತ್ತಿನ ವಿವರಣೆಯಲ್ಲಿ ಪದೇ ಪದೇ ಬರುವುದರಿಂದ ಅವನ್ನೇ ಮೊದಲು ನೋಡಬೇಕು. ಇಂಗ್ಲಿಷ್ ಫಾಂಟಿನಲ್ಲಿದ್ದ ಭಾಗವನ್ನೂ ಪರಿವರ್ತಕ ಆಸ್ಕಿ ಕನ್ನಡವೆಂದು ತಿಳಿದು ತಿರುಗಿಸಬಹುದಾದ್ದರಿಂದ ಪ್ಯಾನ್ ಸಂಖ್ಯೆ, ಸರ್ವೆ ನಂಬರಿನ ಹಿಸ್ಸಾ ಗುರುತು ಮತ್ತು ವಿಸ್ತೀರ್ಣದ ಎಕರೆ-ಗುಂಟೆ ಅಂಕಿಗಳನ್ನು ಮೂಲದ ಮುದ್ರಿತ ಪ್ರತಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡಬೇಕು. ಮೂಲ ಆಸ್ಕಿ ಕಡತವನ್ನು, ಅದರ ಫಾಂಟಿನ ಪ್ರತಿಯೊಂದಿಗೆ, ಅಳಿಸದೆ ಇಡತಕ್ಕದ್ದು.